ಅಪ್‌ಡೇಟ್: ಹೊಸ ಲ್ಯಾಪ್‌ಟಾಪ್‌ನಲ್ಲಿ ಟೈಪಿಂಗ್ ಯಾಕೆ ತಪ್ತಿತ್ತು ಅಂತ ಗೊತ್ತಾಯ್ತು

ಹೋದ ತಿಂಗಳು ಕೇಳಿದ್ನಲ್ಲ, ಟೈಪಿಂಗ್ ಸೀನಿಯರ್ ಪಾಸಾಗಿ ಇಷ್ಟು ವರ್ಷ ಕೀಬೋರ್ಡ್ ನೋಡ್ದೇ ಹೊಡ್ದವಳಿಗೆ ಈಗ್ಯಾಕೆ ಇಷ್ಟು ತಪ್ಪು ಅಂತ, ಕಾರಣ ಸಿಕ್ತು. ಇದು 15.6 ಇಂಚಿಂದು, ಬಲಗಡೆ ನಂಬರ್‌ಪ್ಯಾಡ್ ತುರುಕಿದಾರೆ, ಹಾಗಾಗಿ ತೋರುಬೆರಳು ಇಡೋ ಎಫ್, ಜೆ ಕೀ ಎರಡೂ ಸ್ಕ್ರೀನಿನ ನಡುವಿಂದ ಎಡಕ್ಕೆ ಸರಿದಿವೆ, ನಾನು ಸ್ಕ್ರೀನಿಗೆ ನೇರ ಕೂತ್ರೆ ಕೈ ಒಂದು ಕೀ ಬಲಕ್ಕೆ ಬೀಳುತ್ತೆ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ'ಲಿ 'ಅಮ್ಮ' ಹೊಡೆದ್ರೆ 'ಸ,ಗ,' ಬರುತ್ತೆ! ಆ ಎರಡು ಕೀ ಮೇಲಿನ ಗೆರೆನೂ ಎಷ್ಟು ತೆಳು ಅಂದ್ರೆ ಬೆರಳಿಗೆ ಹತ್ತೋದೇ ಇಲ್ಲ. ಈಗ ಜಿ-ಎಚ್ ಮಧ್ಯಕ್ಕೆ ನೇರ ಕೂರ್ತೀನಿ, ಕತ್ತು ಸ್ವಲ್ಪ ವಾರೆ, ಆದ್ರೆ ತಪ್ಪು ಕಮ್ಮಿ. ಮೂಲೆಲಿದ್ದ ಎಫ್‌ಎನ್ (Fn) ಕೀ, ಪಕ್ಕದ ಕಂಟ್ರೋಲ್ ಕೀ ಎರಡನ್ನೂ ಬಯೋಸಲ್ಲಿ (ಲ್ಯಾಪ್‌ಟಾಪ್ ಆನ್ ಆಗೋವಾಗ ತೆರೆಯೋ ಸೆಟ್ಟಿಂಗ್ಸ್) ಅದಲುಬದಲು ಮಾಡ್ದೆ, ಹೇಳ್ಕೊಟ್ಟೋರಿಗೆ ಥ್ಯಾಂಕ್ಸ್. ಅರ್ಧ ಸೈಜಿನ ಆ್ಯರೋ ಕೀಗೆ ಮಾತ್ರ ಮದ್ದಿಲ್ಲ.