ಪದಚರ್ಚೆ: ಭಂಗಾರ, ರದ್ದಿ, ಗುಜರಿ – ಪುಕ್ಕಟ ಸಿಗೋ ಒಳ್ಳೆ ಸಾಮಾನಿಗೆ ನಿಮ್ಮ ಕಡಿ ಏನಂತಾರ?

ಎಲ್ಲರಿಗೂ ಶರಣು. ಕಲಬುರಗಿಯಿಂದ ಬರೀಲಿಕತ್ತೀನಿ, ಒಂದು ಪದ ಬೇಕಾಗ್ಯದ, ಅದರ ಜೊತಿಗೆ ಇನ್ನೊಂದೆರಡು ಸಣ್ಣ ಅನುಮಾನನೂ ಅವ.

ನಾನು ಅಳತಿ ಪ್ರಕಾರ ಸಣ್ಣ ರೈಲ್ವೆ ಸ್ಟೇಷನ್, ಸಿಗ್ನಲ್ ಕ್ಯಾಬಿನ್, ಗೇಟ್‌ಮನ್ ಖೋಲಿ ಮಾಡ್ತೀನಿ, ಎಚ್‌ಒ ಸ್ಕೇಲ್ ಅಂತಾರ, ಅಂದ್ರ ಅಸಲಿಯ 87ರಲ್ಲಿ ಒಂದು ಪಾಲು. ಕಿಟ್ ತರಿಸೋದಿಲ್ಲ, ಮಂದಿ ಬಿಸಾಕಿದ ಸಾಮಾನದಾಗೇ ಎಲ್ಲಾ ಕಟ್ಟೋದು. ನಮ್ಮ ಓಣಿ ಹುಡುಗರಿಗೆ ಕಲಿಸಬೇಕಂತ ಕನ್ನಡದಾಗ ಸಣ್ಣ ಕೈಪಿಡಿ ಶುರು ಮಾಡೀನಿ, ಆದ್ರ ಯಾವ ಸಾಮಾನು ಬೇಕು ಅಂತ ಬರಿಯೋ ಕಡಿಗೇ ಪೆನ್ನು ನಿಂತದ.

ತ್ಯಾಜ್ಯ ಅಂತ ಬರದ್ರ ಗಟಾರ, ದವಾಖಾನಿ ನೆನಪಾಗ್ತದ. ನಿರುಪಯುಕ್ತ ವಸ್ತು ಅಂದ್ರ ಉಪಯೋಗಕ್ಕ ಬಾರದ್ದು ಅಂತ ಆಯ್ತು, ನಾವು ಅದನ್ನೇ ಉಪಯೋಗ ಮಾಡ್ಲಿಕತ್ತೀವಿ. ಕಸದಿಂದ ರಸ ಅನ್ನೋದು ತಲೆಬರಹಕ್ಕ ಭಾಳ ಚೊಲೊ, ಆದ್ರ ಹುಡುಗರಿಗೆ "ಎರಡು ಹಿಡಿ ಕಸ ತಗೊಂಡು ಬರ್ರಿ" ಅನ್ಲಿಕ್ಕೆ ಬರಲ್ಲ. ಗುಜರಿ ಬೆಂಗಳೂರು ಮೈಸೂರು ಕಡಿ ಪದ, ಇಲ್ಲಿ ಹುಡುಗರ ಬಾಯಾಗ ಇಲ್ಲ. ಬೆಳಗಾವಿ ಕಡಿ ಮೋಡಕಾ ಅಂತಾರ, ಅದು ಮರಾಠಿದು, ಮುರಿದದ್ದು ಅಂತ ಅರ್ಥ. ನಮ್ಮಲ್ಲಿ ಭಂಗಾರ. ಮರಾಠಿ ಹಿಂದಿ ಎರಡರಾಗೂ ಅದ, ಈ ಕಡಿ ಎಲ್ಲರೂ ದಿನಾ ಆಡೋ ಮಾತು. ಬರವಣಿಗ್ಯಾಗ ಭ ಇಟ್ರ ತೊಂದ್ರಿ ಇಲ್ಲ, ಆದ್ರ ಮಾತಿನಾಗ ಮಹಾಪ್ರಾಣ ಜಾರಿ ಹೋಗ್ತದ, ಓದಿ ಹೇಳಿದ್ರ ಕೇಳೋ ಹುಡುಗ ಬಂಗಾರ ಅಂತನೇ ತಿಳ್ಕೋತಾನ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದದ. ಭಂಗಾರ, ರದ್ದಿ ಎರಡೂ ಕಿಲೋ ಲೆಕ್ಕದಾಗ ಮಾರೋ ಸಾಮಾನು, ಅದಕ್ಕ ರೇಟು ಅದ, ಯಾರೂ ಪುಕ್ಕಟ ಕೊಡಲ್ಲ. ನಾನು ಕೇಳ್ಲಿಕತ್ತಿದ್ದು ಈ ಕಡಿ ಕಸನೂ ಅಲ್ಲ, ಆ ಕಡಿ ಭಂಗಾರನೂ ಅಲ್ಲ, ಕೆಲಸ ಮುಗದ ಮ್ಯಾಲ ಉಳಿದು ಮೂಲ್ಯಾಗ ಬಿದ್ದಿರ್ತದಲ್ಲ, ಕೇಳಿದ್ರ "ತಗೊಂಡು ಹೋಗ್ರಿ" ಅಂತಾರಲ್ಲ, ಅಂಥಾದ್ದು.

ಉದಾಹರಣಿ ಹೇಳ್ತೀನಿ, ಅಂದ್ರ ಪದ ಹುಡಕ್ಲಿಕ್ಕೆ ನಿಮಗೂ ಅನುಕೂಲ ಆಗ್ತದ. ಪ್ಲಾಟ್‌ಫಾರ್ಮಿಗೆ ಶಹಾಬಾದ ಪರಸಿ (ಹಾಸುಗಲ್ಲು) ತೋರಸಬೇಕು, ಎರಡು ಫೂಟಿನ ಪರಸಿ ನಮ್ಮ ಅಳತ್ಯಾಗ ಬರೇ 7 ಮಿಲಿಮೀಟರ್, ಅದಕ್ಕ ಹಳೇ ಲಗ್ನಪತ್ರಿಕಿ ದಪ್ಪ ಕಾಗದ ಕೊಯ್ದು, ಬೂದಿ ಬಣ್ಣ ಹೆಚ್ಚು ಕಡಿಮಿ ಮಾಡಿ ಹಚ್ಚಿದ್ರ ಖರೇನೇ ಪರಸಿ ಹಾಸಿದಂಗ ಕಾಣ್ತದ. ಹಳಿ ಕೆಳಗಿನ ಖಡಿ ಅಸಲಿ 20ರಿಂದ 65 ಮಿಲಿಮೀಟರ್ ಇರ್ತದ, ಇಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮಿ ಆಗಬೇಕು, ಅದಕ್ಕ ಕಲ್ಲು ಕೊಯ್ಯೋ ಜಾಗದ ಹೊರಗ ಬಿದ್ದ ಪುಡಿ ಚಹಾ ಸೋಸೋ ಜಾಲರಿಲಿ ಸೋಸಿ ಹಾಕೋದು (ಸೋಸೋವಾಗ ಮೂಗಿಗೆ ಅರಬಿ ಕಟ್ಕೋಬೇಕು, ಆ ಧೂಳು ಎದಿಗೆ ಚೊಲೊ ಅಲ್ಲ). ಗೂಡ್ಸ್ ಶೆಡ್ಡಿನ ಪತ್ರಾಕ್ಕ (ಏರಿಳಿತ ಇರೋ ತಗಡು) ಖೋಕಾದ ಪುಟ್ಟಾ (ರಟ್ಟು) ಸುಲದು ಹಚ್ಚೋರು ಭಾಳ ಮಂದಿ, ಆದ್ರ ಅದರ ಏರಿಳಿತ ಭಾಳ ದಪ್ಪ, ಅಸಲಿ ಪತ್ರಾದ್ದು ಸುಮಾರು ಮೂರು ಇಂಚಿಗೊಂದು, ಅಂದ್ರ ಇಲ್ಲಿ ಮಿಲಿಮೀಟರಿಗೂ ಒಳಗ, ಅದಕ್ಕ ಹೇನು ತಗಿಯೋ ಸಣ್ಣ ಹಣಿಗಿ ಮ್ಯಾಲ ಊಟದ ಪಾರ್ಸಲ್ಲಿನ ತೆಳು ಅಲ್ಯುಮಿನಿಯಂ ಹಾಳೆ ಇಟ್ಟು ಬೆರಳಿಲೆ ಉಜ್ಜಬೇಕು, ಗೆರಿ ಬರೋಬ್ಬರಿ ಮೂಡ್ತಾವ.

ಮತ್ತ ನಮ್ಮ ಹೊಲದ ಜೋಳದ ದಂಟು. ಹುಡುಗರು ಮೊದಲಿಂದ ಇದರಾಗ ಬಂಡಿ ಮಾಡಿ ಆಡ್ತಿದ್ರು. ಒಳಗಿನ ಹಗುರ ತಿರುಳಿಗೆ ಬೆಂಡು, ಮ್ಯಾಲಿನ ಗಟ್ಟಿ ಸಿಪ್ಪಿ ಸೀಳಿದ್ರ ಸಿಬರು. ಬೆಂಡಿನಾಗ ಸ್ಟೇಷನ್ನಿನ ನೀರಿನ ಟಾಕಿ, ಸಿಬರಿನಾಗ ಬೇಲಿ, ಕಿಡಕಿ ಚೌಕಟ್ಟು. ಈ ಎರಡು ಪದ ಹಳೇ ಮೈಸೂರು ಕಡಿ, ಕರಾವಳಿ ಕಡಿ ಇದೇ ಅರ್ಥದಾಗ ಅವೇನು?

ನನಗ ತೋಚಿದ್ದು ಅಳಿದುಳಿದ ಸಾಮಾನು. ಕನ್ನಡದ್ದೇ, ಎಲ್ಲರಿಗೂ ತಿಳೀತದ, ಆದ್ರ ಏನೋ ಹಾಳಾಗಿ ಉಳಿದದ್ದು ಅನ್ನೋ ಛಾಯೆ ಬರ್ತದ, ಬಡಿಗ್ಯಾರ ಮನಿಯ ಹೊಸಾ ಸಾಗುವಾನಿ ತುಂಡಿಗೆ ಅದು ಒಪ್ಪಲ್ಲ. ಮರಾಠ್ಯಾಗ ಬಿಸಾಕೋ ಅಂಥಾದ್ದಕ್ಕ ಟಾಕಾವು, ಬಾಳಿಕಿ ಬರೋದಕ್ಕ ಟಿಕಾವು ಅಂತ ಜೋಡಿ ಪದ ಅದ, ಅಷ್ಟು ಚುಟುಕಾದ್ದು ನಮ್ಮಲ್ಲಿ ಇದ್ದೇ ಇರಬೇಕು.

ಇನ್ನ ಮಾದರಿ ಅನ್ನೋ ಪದ. ಮಾದರಿ ರೈಲು ನಿಲ್ದಾಣ ಅಂತ ಬರದ್ರ ಪೇಪರ್ ಓದೋರು ಸ್ವಚ್ಛ, ಸವಲತ್ತು ಇರೋ ಆದರ್ಶ ನಿಲ್ದಾಣ ಅಂತ ತಿಳ್ಕೋತಾರ. ಪುಟಾಣಿ ರೈಲು ಅಂದ್ರ ಪಾರ್ಕಿನಾಗ ಮಕ್ಕಳು ಕೂಡೋ ರೈಲು. ಪ್ರತಿಕೃತಿ ಸರಿ ಅದ, ಹುಡುಗರಿಗೆ ಭಾರ ಆಗ್ತದ ಅಷ್ಟೇ.

ರೈಲಿನ ಭಾಗಗಳ ಹೆಸರು ಮಾತ್ರ ಇಲ್ಲಿನ ಮಂದಿ ಆಡೋದನ್ನೇ ಇಟ್ಟೀನಿ: ಪಟ್ರಿ, ಡಬ್ಬಿ, ಫಾಟಕ. ಮುಂಬೈ ಕಡಿಯಿಂದ ರಾಯಚೂರಿಗೆ 1871ರಲ್ಲಿ ಮುಟ್ಟಿದ ಲೈನು, ಸಿಕಂದರಾಬಾದಿನ ನಿಜಾಮರ 1874ರ ಲೈನು ಎರಡೂ ನಮ್ಮ ವಾಡಿ ಜಂಕ್ಷನ್ನಿನಾಗ ಕೂಡ್ತಾವ, ಹಿಂದಿ ಉರ್ದು ಮರಾಠಿ ಬೆರತ ಮಾತು ಇಲ್ಲಿ ಪರಕೀಯ ಅನಸಲ್ಲ. ಹಳೇ ಸಿಗ್ನಲ್ಲಿಗೆ ಮಾತ್ರ ಕೈಮರ ಅಂತ ಬರದೀನಿ, ಅದಕ್ಕಿಂತ ಚೊಲೊ ಪದ ಇಲ್ಲ. ಅದರ ಕೈ ಕೆಳಗಿಳದ್ರ ಗಾಡಿಗೆ ದಾರಿ, ಬಣ್ಣದ ದೀಪ ಬಂದ ಮ್ಯಾಲೂ ಮಂದಿ "ಸಿಗ್ನಲ್ ಬಿತ್ತು" ಅಂತನೇ ಅಂತಾರ.

ಬಡಿಗ್ಯಾರು, ಟೇಲರ್, ಗೌಂಡಿ ಕೆಲಸದೋರ ಮನ್ಯಾಗ ಉಳಿದ ತುಂಡಿಗೆ ಏನಂತಾರ ಅಂತ ಗೊತ್ತಿದ್ದೋರು ಊರು, ತಾಲೂಕು ಹೆಸರಿನ ಜೊತಿಗೆ ತಿಳಿಸ್ರಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಹತ್ರ ಇದ್ದೋರು ಗುಜರಿ, ಭಂಗಾರ, ಸಿಬರು ಮೂರೂ ತಗದು ನೋಡಿ ಹೇಳಿದ್ರ ಭಾಳ ಉಪಕಾರ ಆಗ್ತದ.