ಬೋನ್ಸಾಯ್ ಅಜೇಲಿಯಾಕ್ಕೆ ಗೊಬ್ಬರ: ಎಲೆ ಹಳದಿಯಾದರೆ ಪ್ರಮಾಣ ಹೆಚ್ಚಿಸಬೇಕೆ?

ಪ್ರಶ್ನೆ (ಬೆಂಗಳೂರು): ನಮಸ್ಕಾರ ಸರ್. ತಾರಸಿಯಲ್ಲಿ ಸಾತ್ಸುಕಿ ಎಂಬ ಜಪಾನಿ ಗುಂಪಿನ ಅಜೇಲಿಯಾ ಹೂಗಿಡ ಒಂದನ್ನು ತಟ್ಟೆಕುಂಡದಲ್ಲಿ ಬೋನ್ಸಾಯ್ ಆಗಿ ಬೆಳೆಸುತ್ತಿದ್ದೇನೆ. ಕಡಲೆಕಾಯಿ ಹಿಂಡಿಯನ್ನೂ ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇಕಡಾ 19) ಗೊಬ್ಬರವನ್ನೂ ಕೊಡುತ್ತಿದ್ದೇನೆ. ಆದರೂ ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿವೆ. ಮೊಗ್ಗುಗಳು ಉಬ್ಬತೊಡಗಿವೆ. ಕೊಳವೆ ಬಾವಿಯ ನೀರು ಹಾಕುತ್ತೇನೆ. ಗೊಬ್ಬರದ ಪ್ರಮಾಣ ಹೆಚ್ಚಿಸಬೇಕೆ?

ಉತ್ತರ: ಹೆಚ್ಚಿಸಬೇಡಿ. ಸಾರಜನಕದ ಕೊರತೆಯಾಗಿದ್ದರೆ ಕೆಳಗಿನ ಹಳೆಯ ಎಲೆಗಳು ಮೊದಲು, ಅದೂ ನರಗಳ ಸಮೇತ, ಹಳದಿಯಾಗುತ್ತಿದ್ದವು. ಹೊಸ ಎಲೆಯಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಬಿಳಿಚಿಕೊಳ್ಳುವುದು ಗಿಡಕ್ಕೆ ಕಬ್ಬಿಣದ ಅಂಶ ದಕ್ಕುತ್ತಿಲ್ಲ ಎಂಬುದರ ಲಕ್ಷಣ. ಕುಂಡದಲ್ಲಿ ಕಬ್ಬಿಣ ಇದ್ದರೂ ಮಣ್ಣಿನ ರಸಸಾರ (ಪಿಎಚ್) ಏರಿದರೆ, ಎಂದರೆ ಹುಳಿ ತಗ್ಗಿದರೆ, ಬೇರು ಅದನ್ನು ಹೀರಿಕೊಳ್ಳಲಾರದು. ಅಜೇಲಿಯಾ ರೋಡೋಡೆಂಡ್ರಾನ್ ಕುಲದ, ಹುಳಿ ಮಣ್ಣನ್ನು ಬಯಸುವ ಗಿಡ. ರಸಸಾರ 5ರಿಂದ 6ರ ಆಸುಪಾಸಿನಲ್ಲಿದ್ದರೆ ಅದು ಸುಖವಾಗಿರುತ್ತದೆ. ಜಪಾನಿನ ಬೆಳೆಗಾರರು ತೊಚಿಗಿ ಪ್ರಾಂತ್ಯದ ಕಾನುಮಾದಲ್ಲಿ ಅಗೆದು ತೆಗೆಯುವ, ಆ ಊರಿನ ಹೆಸರನ್ನೇ ಹೊತ್ತ, ಹಗುರವಾದ ಜ್ವಾಲಾಮುಖಿ ಹರಳಿನಲ್ಲಿ ಸಾತ್ಸುಕಿಯನ್ನು ನೆಡುವುದಕ್ಕೆ ಅದರ ಹುಳಿ ಗುಣವೂ ಒಂದು ಕಾರಣ.

ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಕೊಳವೆ ಬಾವಿಯ ಗಡಸು ನೀರಿನ ಮೇಲಿದೆ. ಗಡಸು ನೀರಿನಲ್ಲಿರುವ ಬೈಕಾರ್ಬೋನೇಟ್ ದಿನದಿನವೂ ಮಣ್ಣಿನ ಹುಳಿಯನ್ನು ತಗ್ಗಿಸುತ್ತ ಹೋಗುವುದರಿಂದ, ಎಷ್ಟೇ ಒಳ್ಳೆಯ ಮಿಶ್ರಣದಲ್ಲಿ ನೆಟ್ಟಿದ್ದರೂ ಕೆಲವು ತಿಂಗಳಲ್ಲಿ ಕುಂಡದ ಸ್ಥಿತಿ ಬದಲಾಗಿಬಿಡುತ್ತದೆ. ಮಳೆನೀರನ್ನು ಹಿಡಿದಿಟ್ಟು ಬಳಸಿ. ಅದಿಲ್ಲದಿದ್ದರೆ ಆರ್‌ಒ ಯಂತ್ರದಿಂದ ಬರುವ ಶುದ್ಧ ನೀರಾಗಬಹುದು. ಅದೇ ಯಂತ್ರ ಹೊರಹಾಕುವ ತ್ಯಾಜ್ಯ ನೀರನ್ನು ಮಾತ್ರ ಈ ಗಿಡಕ್ಕೆ ಹಾಕಬೇಡಿ, ಅದರಲ್ಲಿ ಲವಣ ಇನ್ನೂ ಹೆಚ್ಚು. ತಾತ್ಕಾಲಿಕವಾಗಿ ಚಿಲೇಟೆಡ್ ಕಬ್ಬಿಣ, ಎಂದರೆ ಬೇರಿಗೆ ದಕ್ಕುವಂತೆ ಬೇರೊಂದು ರಾಸಾಯನಿಕದಲ್ಲಿ ಹಿಡಿದಿಟ್ಟ ಕಬ್ಬಿಣ, ಕೊಡಬಹುದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರೂಪದ್ದು ರಸಸಾರ ಏರಿದ ಮಣ್ಣಿನಲ್ಲಿ ಬೇಗ ನಿರುಪಯುಕ್ತವಾಗುತ್ತದೆ, ಇಡಿಡಿಎಚ್‌ಎ ರೂಪದ್ದು ಅಲ್ಲಿಯೂ ನಿಲ್ಲುತ್ತದೆ. ಈಗಾಗಲೇ ಹಳದಿಯಾದ ಎಲೆಗಳು ಪೂರ್ತಿ ಹಸಿರಾಗದೆ ಇರಬಹುದು. ಮುಂದಿನ ಚಿಗುರನ್ನು ನೋಡಿ ತೀರ್ಮಾನಿಸಿ.

ಇನ್ನು ಮೊಗ್ಗಿನ ವಿಚಾರ. ಮೊಗ್ಗು ಉಬ್ಬಿ ಬಣ್ಣ ಕಾಣಿಸುವ ಹೊತ್ತಿಗೆ ಗೊಬ್ಬರ ಪೂರ್ತಿ ನಿಂತಿರಬೇಕು, ಮಣ್ಣಿನ ಮೇಲೆ ಉಳಿದ ಹಿಂಡಿಯನ್ನೂ ತೆಗೆದುಬಿಡಬೇಕು. ಈ ಹಂತದಲ್ಲಿ ಸಾರಜನಕ ಹೆಚ್ಚಾದರೆ ಮೊಗ್ಗಿನ ಬುಡದಿಂದ ಎಲೆಚಿಗುರು ನುಗ್ಗಿ ಬಂದು ಹೂವಿನ ಪಾಲನ್ನು ಕಸಿದುಕೊಳ್ಳುತ್ತದೆ. ಹೂವು ಮುಗಿದ ಕೂಡಲೇ ಬಾಡಿದ ಹೂಗಳನ್ನು ಬೀಜಕೋಶದ ಸಮೇತ ಚಿವುಟಿ, ಕೊಂಬೆಗಳನ್ನು ಕತ್ತರಿಸಿ, ಆಮೇಲೆ ಗೊಬ್ಬರ ಆರಂಭಿಸಿ. ಮಣ್ಣು ಬದಲಿಸಿದ್ದರೆ ಹೊಸ ಬೇರು ಹಿಡಿಯಲು ಸುಮಾರು ಒಂದು ತಿಂಗಳು ಬಿಡಿ. ವರ್ಷದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವ ಪೋಷಣೆ ಇದು, ಏಕೆಂದರೆ ಹೂವಿನ ನಂತರ ಬರುವ ಚಿಗುರಿನ ತುದಿಯಲ್ಲಿಯೇ ಮುಂದಿನ ವರ್ಷದ ಮೊಗ್ಗು ಕಟ್ಟುತ್ತದೆ.

ಪ್ರಮಾಣದಲ್ಲಿ ಜಿಪುಣತನವಿರಲಿ. ಅಜೇಲಿಯಾದ ಬೇರು ಕೂದಲಿನಷ್ಟು ಸಣ್ಣದು, ಲವಣ ಹೆಚ್ಚಾದರೆ ಬೇಗ ಸುಡುತ್ತದೆ. ಬೇರು ಸುಟ್ಟ ಗಿಡದ ಎಲೆಯೂ ಹಳದಿಯಾಗುವುದರಿಂದ ಅನೇಕರು ಅದನ್ನು ಹಸಿವೆಂದು ತಿಳಿದು ಮತ್ತಷ್ಟು ಗೊಬ್ಬರ ಹಾಕುತ್ತಾರೆ. 19:19:19 ಅನ್ನು ಲೀಟರಿಗೆ ಅರ್ಧ ಗ್ರಾಂನಂತೆ ಕರಗಿಸಿ, ಮಣ್ಣು ತೇವವಾಗಿರುವಾಗ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಆಗ ಲೀಟರಿನಲ್ಲಿ ಸುಮಾರು 95 ಮಿಲಿಗ್ರಾಂ ಸಾರಜನಕವಿರುತ್ತದೆ. ಮಣ್ಣಿನ ಹುಳಿಯನ್ನು ತಗ್ಗಿಸುವ ಕ್ಯಾಲ್ಸಿಯಂ ನೈಟ್ರೇಟ್, ಬೂದಿ, ಮೊಟ್ಟೆಚಿಪ್ಪಿನ ಪುಡಿ ಇವು ಬೇಡ. ಮೊಟ್ಟೆಚಿಪ್ಪನ್ನು ಸರ್ವರೋಗಕ್ಕೂ ಮದ್ದೆಂದು ಹಂಚಿಕೊಳ್ಳುವ ಸಲಹೆಗಳು ಗುಲಾಬಿಗೆ ಹೇಗೋ ಏನೋ, ಅಜೇಲಿಯಾಕ್ಕಂತೂ ಸಲ್ಲುವುದಿಲ್ಲ.

ಪ್ರಶ್ನೆ (ಮಡಿಕೇರಿ): ಸರ್, ನಮ್ಮಲ್ಲಿ ಮಳೆನೀರಿಗೆ ಬರವಿಲ್ಲ, ಆದರೆ ಮಳೆಗಾಲದಲ್ಲಿ ಹಿಂಡಿ ಕೊಳೆತು ಹುಳುವಾಗುತ್ತದೆ. ಜಪಾನಿನವರು ಎಲುಬಿನ ಪುಡಿಯನ್ನೂ ಬೆರೆಸುತ್ತಾರೆಂದು ಕೇಳಿದ್ದೇನೆ. ನಾವೂ ಬೆರೆಸಬಹುದೆ?

ಉತ್ತರ: ಹೌದು ಮೇಡಂ, ಅಲ್ಲಿ ಸಾಸಿವೆಯ ಬಳಗದ ರೇಪ್ ಬೀಜದ ಹಿಂಡಿಗೆ ಎಲುಬಿನ ಪುಡಿ ಬೆರೆಸಿ, ಹುದುಗಿಸಿ, ಉಂಡೆ ಕಟ್ಟಿ ಮಣ್ಣಿನ ಮೇಲಿಡುವ ರೂಢಿಯಿದೆ. ಎಲುಬಿನ ಪುಡಿಯ ರಂಜಕ ಕರಗುವುದು ಹುಳಿ ಮಣ್ಣಿನಲ್ಲಿ; ಆದ್ದರಿಂದ ಬರಿಯ ಮಳೆನೀರು ಕಾಣುವ ನಿಮ್ಮ ಕುಂಡಕ್ಕೆ ಸ್ವಲ್ಪ ಬೆರೆಸಿದರೆ ಅಡ್ಡಿಯಿಲ್ಲ. ಮೇಲೆ ಕೇಳಿದವರಂತೆ ಗಡಸು ನೀರು ಹಾಕುವವರಿಗೆ ಅದರಿಂದ ರಂಜಕ ಸರಿಯಾಗಿ ಸಿಗುವುದಿಲ್ಲ, ಸುಣ್ಣದ ಅಂಶ ಮಾತ್ರ ಸೇರಿಕೊಳ್ಳುತ್ತದೆ.

ಹಸಿ ಹಿಂಡಿಗಿಂತ ಹುದುಗಿಸಿ ಒಣಗಿಸಿದ್ದು ಮೇಲು. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಹೆಚ್ಚು, ಇಲಿ ಹೆಗ್ಗಣಗಳನ್ನೂ ಕರೆಯುತ್ತದೆ. ಬೇವಿನ ಹಿಂಡಿ ಇದಕ್ಕಿಂತ ಸೌಮ್ಯ. ಚಿಕ್ಕ ಜಾಲರಿ ಬುಟ್ಟಿಯಲ್ಲಿ ತುಂಬಿ ಕುಂಡದ ಅಂಚಿನ ಕಡೆಗಿಟ್ಟರೆ ಹಿಂಡಿ ಕರಗಿ ಮಣ್ಣಿನ ಮೇಲ್ಪದರದ ಸಂದುಗಳನ್ನು ಮುಚ್ಚುವುದಿಲ್ಲ. ಆ ಸಂದುಗಳು ಮುಚ್ಚಿಕೊಂಡರೆ ನೀರು ಇಂಗದೆ ನಿಂತು ಬೇರು ಕೊಳೆಯುತ್ತದೆ. ಬಿಡುವಿಲ್ಲದೆ ಮಳೆ ಹಿಡಿದಿರುವ ವಾರಗಳಲ್ಲಿ ಬುಟ್ಟಿಯನ್ನೇ ತೆಗೆದಿಟ್ಟು, ಮಳೆ ಹಿಂದೆಗೆದ ಮೇಲೆ ಹೊಸ ಹಿಂಡಿ ತುಂಬಿ ಮತ್ತೆ ಇಡಿ.