ಸಹಾಯ ಬೇಕು: ಹಿಟ್ಟು ತಿಗಣೆಯ ವರ್ಣತಂತು ಸ್ಲೈಡ್

ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಗಿಡಗಳ ರಸ ಹೀರುವ ಹಿಟ್ಟು ತಿಗಣೆಯ (ಪ್ಲಾನೊಕಾಕಸ್ ಸಿಟ್ರಿ) ಕೋಶವಿಭಜನೆ ನೋಡುತ್ತಿದ್ದೇನೆ. ಭ್ರೂಣಗಳಿಗೆ ಅಸಿಟೋ-ಆರ್ಸೀನ್ ಬಣ್ಣ ಹಾಕಿ ಹೆಬ್ಬೆರಳಿನಿಂದ ಅದುಮಿದರೆ 10 ವರ್ಣತಂತುಗಳು ಚೆನ್ನಾಗಿಯೇ ಕಾಣುತ್ತವೆ. ಸೆಂಟ್ರೊಮಿಯರ್ (ವಿಭಜನೆಯಲ್ಲಿ ತಂತುವನ್ನು ಎಳೆಯುವ ಎಳೆಗಳು ಅಂಟುವ ಜಾಗ) ಒಂದೇ ಕಡೆ ಇಲ್ಲದೆ ಉದ್ದಕ್ಕೂ ಹರಡಿರುವುದರಿಂದ ಅವು ‘ವಿ’ಯಂತೆ ಬಾಗದೆ, ಅಡ್ಡ ಹಿಡಿದ ಕೋಲಿನಂತೆ ಸರಿಯುತ್ತವೆ. ಗಂಡು ಭ್ರೂಣದ ಗುರುತೂ ಸುಲಭ: ತಂದೆಯಿಂದ ಬಂದ 5 ತಂತುಗಳು ಮುದುಡಿ ಗಾಢ ಬಣ್ಣದ ಮುದ್ದೆಯಾಗಿರುತ್ತವೆ. ಪಾಪ, ಅಪ್ಪನ ಆ ಪಾಲು ಮಗನ ವೀರ್ಯಕ್ಕೂ ದಾಟುವುದಿಲ್ಲ.

ತೊಡಕಿರುವುದು ವೃಷಣದಲ್ಲಿ. ಇಲ್ಲಿ ಮಿಯಾಸಿಸ್ (ವೀರ್ಯಾಣು ಉಂಟಾಗುವ ಎರಡು ಹಂತದ ಕೋಶವಿಭಜನೆ) ತಲೆಕೆಳಗು. ಸೋದರಿ ಕ್ರೊಮ್ಯಾಟಿಡ್‌ಗಳು (ಒಂದೇ ತಂತುವಿನ ಎರಡು ಪ್ರತಿಗಳು) ಮೊದಲೇ ಬೇರೆಯಾಗುತ್ತವೆ, ತಂದೆ-ತಾಯಿಯ ಗುಂಪುಗಳು ಎರಡನೆಯ ವಿಭಜನೆಯಲ್ಲಿ ಅಗಲುತ್ತವೆ. ಆ ಎರಡನೆಯದು ನನಗೆ ಒಂದು ಸ್ಲೈಡಿನಲ್ಲೂ ಸಿಕ್ಕಿಲ್ಲ. ಯಾವ ಹಂತದ ಗಂಡು ಮರಿಯನ್ನು ಆರಿಸಬೇಕು? ಮೈಮೇಲಿನ ಮೇಣ ತೆಗೆಯುವುದು ಹೇಗೆ? ಕೈಯಾರೆ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.